ಗೃಹಶ್ರವಣದ ಧ್ವನಿವರ್ಧಕಗಳು: ಸಕ್ರಿಯ ಮತ್ತು ನಿಷ್ಕ್ರಿಯ

ಮುದ್ರಿತವಾಗಿರುವ ಗಾಯನವಾದನಗಳನ್ನು ಮನೆಯ ಕೋಣೆಯೊಳಗೆ ಅವುಗಳ ಮೂಲಸ್ವರೂಪಕ್ಕೆ ಆದಷ್ಟು ಸಮೀಪವಾಗಿ ಮರಳಿ ಕೇಳಿಸುವ ಉಪಕರಣಸಮೂಹಕ್ಕೆ ಹೈ-ಫೈ ಎಂಬ ಹೆಸರು ರೂಢಿಯಲ್ಲಿದೆ. ಆ ಸಮೂಹದ ಕಟ್ಟಕಡೆಯ ಅಂಗ ಧ್ವನಿವರ್ಧಕ. ಚಾಮರಾಜನಗರ, ಗುಂಡ್ಲುಪೇಟೆಗಳ ಅಂಗಡಿಬೀದಿಯಲ್ಲಿ ಅದನ್ನು ಸ್ಪೀಕರ್ ಎನ್ನುತ್ತಾರೆ, ಪೆಟ್ಟಿಗೆಸಹಿತವಾಗಿದ್ದರೆ ಬಾಕ್ಸ್ ಎನ್ನುತ್ತಾರೆ. ದುರ್ಬಲವಾದ ಸಂಕೇತವನ್ನು ಸ್ಪೀಕರಿನ ಶಂಕುವನ್ನು ನೂಕಿ ಎಳೆಯಬಲ್ಲಷ್ಟು ಬಲಪಡಿಸುವ ಪ್ರವರ್ಧಕ, ಎಂದರೆ ಆಂಪ್ಲಿಫೈಯರ್, ಹೊರಗೆ ಪ್ರತ್ಯೇಕವಾಗಿದ್ದು ತಂತಿಯ ಮೂಲಕ ಶಕ್ತಿಯನ್ನು ಕಳುಹಿಸುವ ಪಕ್ಷದಲ್ಲಿ ಆ ಪೆಟ್ಟಿಗೆಯನ್ನು ನಿಷ್ಕ್ರಿಯ ಅಥವಾ ಪ್ಯಾಸಿವ್ ಎಂದೂ, ಪ್ರವರ್ಧಕಗಳು ಪೆಟ್ಟಿಗೆಯೊಳಗೇ ನೆಲಸಿ, ಮಂದ್ರಸ್ವರಗಳ ವೂಫರಿಗೊಂದು, ತಾರಸ್ವರಗಳ ಟ್ವೀಟರಿಗೊಂದು ಎಂಬಂತೆ ನಿಯೋಜಿತವಾಗಿದ್ದರೆ ಅದನ್ನು ಸಕ್ರಿಯ ಅಥವಾ ಆ್ಯಕ್ಟಿವ್ ಎಂದೂ ಕರೆಯುವುದು ವಾಡಿಕೆ.

ಭೇದ ಇಷ್ಟೇ ಆದರೂ ಅದರ ಪರಿಣಾಮ ನಾದದ ಗುಣದಿಂದ ಮೊದಲುಗೊಂಡು ಗೋಡೆಯ ಪ್ಲಗ್ಗಿನವರೆಗೆ, ಕೆಟ್ಟಾಗ ಪೆಟ್ಟಿಗೆಯನ್ನು ಹೊತ್ತು ನಡೆಯಬೇಕಾದ ದಾರಿಯವರೆಗೆ ವ್ಯಾಪಿಸುತ್ತದೆ. ಮಹಾನಗರದ ಗ್ರಾಹಕನನ್ನು ಮನಸ್ಸಿನಲ್ಲಿಟ್ಟು ಬರೆದ ವಿವರಣೆಗಳಲ್ಲಿ ಈ ಕೊನೆಯ ಎರಡು ಸಂಗತಿಗಳಿಗೆ ಸಲ್ಲತಕ್ಕ ಸ್ಥಾನ ಸಂದಿಲ್ಲ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯ ಕೇಂದ್ರವಾದ ಚಾಮರಾಜನಗರವನ್ನಾಗಲಿ, ಊಟಿಯ ಹೆದ್ದಾರಿಯೂ ವಯನಾಡಿನ ಹೆದ್ದಾರಿಯೂ ಕವಲೊಡೆಯುವ ಗುಂಡ್ಲುಪೇಟೆಯನ್ನಾಗಲಿ ನಿದರ್ಶನವಾಗಿ ತೆಗೆದುಕೊಂಡರೆ, ಎರಡೂ ಊರುಗಳಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರಿನ ಹಾದಿ. ಬಿಡಿಭಾಗಗಳಿಗೆ ಹೆಸರಾದ ಬೆಂಗಳೂರಿನ ಎಸ್. ಪಿ. ರಸ್ತೆಯಂತೂ ಅರ್ಧ ದಿನದ ಪ್ರಯಾಣ. ಈ ದೂರವನ್ನು ಲೆಕ್ಕಕ್ಕೆ ಹಿಡಿಯದೆ ಮಾಡಿದ ಆಯ್ಕೆ ಮನೆಗೆ ಬಂದ ಮೂರನೆಯ ಮಳೆಗಾಲಕ್ಕೆ ತನ್ನ ದೋಷವನ್ನು ತೋರಿಸುತ್ತದೆ ಎಂಬುದು ಈ ಲೇಖಕನ ಅನುಭವವಾದ್ದರಿಂದ, ಪ್ರಸ್ತುತ ಲೇಖನದಲ್ಲಿ ಶಾಸ್ತ್ರವಿಚಾರವನ್ನು ಈ ಎರಡು ಊರುಗಳ ಮನೆಗಳೊಳಗಿಟ್ಟೇ ನೋಡಲಾಗಿದೆ.

ಎರಡು ಪಂಗಡಗಳ ಪೈಕಿ ಸಕ್ರಿಯವೇ ಹೊಸತೆಂಬ ಭಾವನೆ ಬಲವಾಗಿದೆಯಾದರೂ ಇತಿಹಾಸ ಅದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಇಂದಿನ ಬಹುಪಾಲು ಧ್ವನಿವರ್ಧಕಗಳಿಗೆ ಮೂಲಮಾದರಿಯಾದ ಚಲಿಸುವ ಸುರುಳಿಯ ಸ್ಪೀಕರನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ವಿಜ್ಞಾನಿಗಳು 1925ರಲ್ಲಿ ಲೋಕಕ್ಕೆ ವಿವರಿಸಿದರು. ಮರುವರ್ಷ ಅದು ರೇಡಿಯೋಲಾ 104 ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಾಗ ಆ ಪೆಟ್ಟಿಗೆ ತನ್ನ ಪ್ರವರ್ಧಕವನ್ನು ತನ್ನ ಒಡಲಲ್ಲಿಯೇ ಹೊತ್ತಿತ್ತು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಬಾನುಲಿ ಕೇಂದ್ರವೊಂದನ್ನು ಆರಂಭಿಸಿ ಅದಕ್ಕೆ ಆಕಾಶವಾಣಿಯೆಂಬ ಹೆಸರು ಸಂದ ಕಾಲದಿಂದ, ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಿ ಮೇಜಿನ ಮೇಲೆ ಮರದ ರೇಡಿಯೋ ಇಟ್ಟುಕೊಂಡ ಮನೆಯವರೆಲ್ಲರೂ ಕೇಳುತ್ತಿದ್ದುದು, ಕಟ್ಟುನಿಟ್ಟಾಗಿ ಹೇಳುವುದಾದರೆ, ಪ್ರವರ್ಧಕವನ್ನೂ ಸ್ಪೀಕರನ್ನೂ ಒಂದೇ ಗೂಡಿನಲ್ಲಿ ಅಡಕಿದ ಯಂತ್ರವನ್ನೇ. 1948ರಲ್ಲಿ ದೀರ್ಘಕಾಲ ನುಡಿಯುವ ಎಲ್‌ಪಿ ಗ್ರಾಮಫೋನ್ ತಟ್ಟೆಗಳೂ 1958ರಲ್ಲಿ ಸ್ಟೀರಿಯೋ ತಟ್ಟೆಗಳೂ ಬಂದ ಮೇಲೆ, ಬಿಸಿಯಾಗುವ ವಾಲ್ವುಗಳ ಭಾರವಾದ ಪ್ರವರ್ಧಕವನ್ನು ನಾಜೂಕಾದ ಸ್ಪೀಕರ್ ಪೆಟ್ಟಿಗೆಯಿಂದ ದೂರವಿಡುವುದೇ ಲೇಸೆಂದು ತೋರಿ, ಬಿಡಿ ಆಂಪ್ಲಿಫೈಯರ್, ಬಿಡಿ ಬಾಕ್ಸು ಎಂಬ ಪದ್ಧತಿ ನೆಲೆಗೊಂಡಿತು. 1954ರಲ್ಲಿ ಎಡ್ಗರ್ ವಿಲ್ಚರ್ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ ಸಣ್ಣ ಗಾತ್ರದಲ್ಲಿ ಗಂಭೀರವಾದ ಮಂದ್ರವನ್ನು ಹೊರಡಿಸಿದಾಗ ನಿಷ್ಕ್ರಿಯ ಪೆಟ್ಟಿಗೆಗೆ ಮನೆಮನೆಯ ಪ್ರವೇಶ ಸುಲಭವಾಯಿತು.

ಟ್ರಾನ್ಸಿಸ್ಟರುಗಳು ಅಗ್ಗವಾದ ತರುವಾಯ ಗಾಳಿ ಮತ್ತೆ ತಿರುಗಿತು. 1970ರ ದಶಕದಲ್ಲಿ ಫಿಲಿಪ್ಸ್ ಸಂಸ್ಥೆ ವೂಫರಿನ ಚಲನೆಯನ್ನು ಅಳೆದು ಪ್ರವರ್ಧಕಕ್ಕೆ ವರದಿ ಮಾಡುವ ಸಕ್ರಿಯ ಪೆಟ್ಟಿಗೆಗಳನ್ನು ಮನೆಗಳಿಗಾಗಿಯೇ ತಯಾರಿಸಿತು. 1976ರಲ್ಲಿ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಪ್ರಕಟಿಸಿದ, ಅವರ ಹಾಗೂ ರಸ್ ರೈಲಿಯವರ ಹೆಸರಿನಿಂದ ಪ್ರಸಿದ್ಧವಾದ, ನಾದವನ್ನು ಮಂದ್ರ, ತಾರಗಳಾಗಿ ಸೀಳುವ ವಿಭಾಜನ ಕ್ರಮ ಇಂದಿಗೂ ಸಕ್ರಿಯ ವಿನ್ಯಾಸಗಳ ಬೆನ್ನೆಲುಬು. 1978ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಜೆನೆಲೆಕ್ ಸಂಸ್ಥೆ ಪ್ರಸಾರಕೇಂದ್ರಗಳಿಗಾಗಿ ಸಕ್ರಿಯ ಪೆಟ್ಟಿಗೆಗಳನ್ನೇ ಮಾಡುತ್ತ ಬಂದಿದೆ. ಭಾರತದಲ್ಲಿ 1970ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಸೋನೋಡೈನ್ ಸಂಸ್ಥೆ ಎರಡು ಬಗೆಯವನ್ನೂ ತಯಾರಿಸಿದೆ. ಹೀಗೆ ಧ್ವನಿಮುದ್ರಣಶಾಲೆಗಳಲ್ಲಿ ಸಕ್ರಿಯವೂ ಮನೆಗಳಲ್ಲಿ ನಿಷ್ಕ್ರಿಯವೂ ಬಹುಕಾಲ ರಾಜ್ಯವಾಳಿದ ಮೇಲೆ, ಮೊಬೈಲ್ ಫೋನೇ ಸಂಗೀತದ ಭಂಡಾರವಾದ ಈ ಕಾಲದಲ್ಲಿ ಗಡಿಗೆರೆ ಮಸುಕಾಗಿದೆ.

ನಮ್ಮ ಸೀಮೆಯಲ್ಲಿ ಸ್ಪೀಕರಿನ ಪರಿಚಯ ಬಹುಮಂದಿಗೆ ಆದದ್ದು ಮನೆಯಲ್ಲಲ್ಲ, ಮೈಕ್ ಸೆಟ್ಟಿನ ಮೂಲಕ. ಆಷಾಢದಲ್ಲಿ ನಡೆಯುವ ಚಾಮರಾಜೇಶ್ವರನ ತೇರಿಗೆ ಸೇರುವ ನೂತನ ದಂಪತಿಗಳ ಜಂಗುಳಿಯ ಮೇಲೆ, ಕಂಬಕ್ಕೆ ಕಟ್ಟಿದ ತುತ್ತೂರಿಯಾಕಾರದ ಹಾರ್ನಿನಿಂದ ಹರಿದುಬರುವ ಹಾಡು ನಿಷ್ಕ್ರಿಯ ಧ್ವನಿವರ್ಧಕದ್ದೇ. ಆಂಪ್ಲಿಫೈಯರ್ ಎಲ್ಲಿಯೋ ಚಪ್ಪರದ ಮರೆಯಲ್ಲಿ ಬ್ಯಾಟರಿಯ ಪಕ್ಕ ಕುಳಿತಿರುತ್ತದೆ. ಈ ಮೈಕ್ ಸೆಟ್ಟಿನ ಅಂಗಡಿಗಳೇ ಇಂದಿಗೂ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲಗಳಲ್ಲಿ ಧ್ವನಿವಿದ್ಯೆಯ ನಿಜವಾದ ಪಾಠಶಾಲೆಗಳು. ಸುಟ್ಟ ಕಾಯಿಲನ್ನು ಕಟ್ಟುವುದು, ಹರಿದ ಕಾಗದದ ಶಂಕುವನ್ನು ಬದಲಿಸುವುದು, ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ಬೆಸುಗೆ ಬಿಡಿಸಿ ಹೊಸದನ್ನು ಕೂರಿಸುವುದು ಅಲ್ಲಿ ನಿತ್ಯದ ಕೆಲಸ. ಗೃಹಶ್ರವಣದ ಸಲಕರಣೆಯ ಆಯುಷ್ಯ ಈ ಕೈಗಳನ್ನು ಅವಲಂಬಿಸಿರುವುದರಿಂದ, ಅವು ಯಾವುದನ್ನು ಬಿಚ್ಚಿ ಸರಿಪಡಿಸಬಲ್ಲವು ಎಂಬ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ಎರಡು ಸ್ಪೀಕರುಗಳುಳ್ಳ ಒಂದು ಸಾಮಾನ್ಯ ನಿಷ್ಕ್ರಿಯ ಪೆಟ್ಟಿಗೆಯ ಹಿಂಬದಿಯ ನಾಲ್ಕು ತಿರುಪುಗಳನ್ನು ಕಳಚಿ ನೋಡಿದರೆ, ಹತ್ತಿಯಂಥ ನಾರಿನ ಹಾಸಿನ ಹಿಂದೆ ಅಂಗೈಯಗಲದ ಹಲಗೆಯೊಂದು ಕಾಣಿಸುತ್ತದೆ. ಅದರ ಮೇಲೆ ತಾಮ್ರದ ತಂತಿಯನ್ನು ದಾರದುಂಡೆಯಂತೆ ಸುತ್ತಿದ ಒಂದೆರಡು ಸುರುಳಿಗಳು, ಹೆಬ್ಬೆರಳಿನಷ್ಟು ದಪ್ಪದ ಧಾರಕಗಳು, ಸುಣ್ಣದ ಕಡ್ಡಿಯಂತೆ ಬಿಳಿಯಾದ ಒಂದು ನಿರೋಧಕ. ಇದೇ ಕ್ರಾಸ್ಓವರ್, ಅಥವಾ ವಿಭಾಜಕ ಜಾಲ. ಪ್ರವರ್ಧಕದಿಂದ ಬಲಗೊಂಡು ಬಂದ ನಾದಸಂಕೇತವನ್ನು ಮಂದ್ರ, ತಾರಗಳಾಗಿ ಸೀಳಿ, ಸುರುಳಿಯ ಮೂಲಕ ವೂಫರಿಗೂ ಧಾರಕದ ಮೂಲಕ ಟ್ವೀಟರಿಗೂ ಹಂಚುವುದು ಇದರ ಕಾರ್ಯ. ಅತ್ಯಂತ ಸರಳವಾದ ಮಾದರಿಯಲ್ಲಿ, 8 ಓಮಿನ ಸ್ಪೀಕರುಗಳನ್ನು 2,000 ಹರ್ಟ್ಸಿನಲ್ಲಿ ಬೇರ್ಪಡಿಸಲು ಸುಮಾರು 0.64 ಮಿಲಿಹೆನ್ರಿಯ ಸುರುಳಿಯೂ 10 ಮೈಕ್ರೋಫ್ಯಾರಡಿನ ಧಾರಕವೂ ಸಾಕು. ಆದರೆ 8 ಓಮ್ ಎಂಬುದು ಹೆಸರಿಗೆ ಮಾತ್ರ. ಸ್ಪೀಕರಿನ ಪ್ರತಿರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, ಒಂದು ಆವೃತ್ತಿಯಲ್ಲಿ 6 ಓಮಿದ್ದದ್ದು ಇನ್ನೊಂದರಲ್ಲಿ 30ಕ್ಕೆ ಏರುವುದುಂಟು. ಜೋರಾಗಿ ಬಾರಿಸಿದಾಗ ಒಳಗಿನ ಕಾಯಿಲು ಬಿಸಿಯೇರುತ್ತದೆ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಹೆಚ್ಚುವುದರಿಂದ 100 ಡಿಗ್ರಿ ಬಿಸಿಯೇರಿದ ಸ್ಪೀಕರಿನ ಸದ್ದು ಸುಮಾರು 3 ಡೆಸಿಬೆಲ್ ಕುಗ್ಗುವುದಲ್ಲದೆ, ನಿಷ್ಕ್ರಿಯ ಜಾಲದಲ್ಲಿ ವಿಭಜನೆಯ ಗೆರೆಯೂ ತನ್ನ ಜಾಗದಿಂದ ಸರಿಯುತ್ತದೆ. ಜೊತೆಗೆ ಸುರುಳಿಯ ಸ್ವಂತ ಪ್ರತಿರೋಧ ಪ್ರವರ್ಧಕಕ್ಕೂ ವೂಫರಿಗೂ ನಡುವೆ ನಿಂತು, ಶಂಕುವನ್ನು ಬೇಕಾದಾಗ ತಟ್ಟನೆ ತಡೆದು ನಿಲ್ಲಿಸುವ ಪ್ರವರ್ಧಕದ ಹಿಡಿತವನ್ನು ಸಡಿಲಿಸುತ್ತದೆ. ಮೃದಂಗದ ಎಡಮಗ್ಗುಲಿನ ಒಂದು ಪೆಟ್ಟು ಸ್ಪಷ್ಟವಾಗಿ ಮುಗಿಯದೆ ಮುಂದಿನ ಪೆಟ್ಟಿನವರೆಗೆ ಎಳೆದಂತೆ ಕೇಳಿಸುವುದಕ್ಕೆ ಇರುವ ಅನೇಕ ಕಾರಣಗಳಲ್ಲಿ ಇದೂ ಒಂದು.

ಸಕ್ರಿಯ ಪೆಟ್ಟಿಗೆಯಲ್ಲಿ ಈ ವಿಭಜನೆ ಸಂಕೇತ ಇನ್ನೂ ದುರ್ಬಲವಾಗಿರುವಾಗಲೇ, ಪ್ರವರ್ಧಕದ ಮುಂಚೆಯೇ ನಡೆದುಹೋಗುತ್ತದೆ. ಅನಂತರ ಒಂದು ಪ್ರವರ್ಧಕ ವೂಫರನ್ನು ನೇರವಾಗಿ ಹಿಡಿದು ನಡೆಸಿದರೆ ಇನ್ನೊಂದು ಟ್ವೀಟರನ್ನು ನಡೆಸುತ್ತದೆ. ನಡುವೆ ಸುರುಳಿಯಿಲ್ಲ, ಶಕ್ತಿಯನ್ನು ಬಿಸಿಯಾಗಿ ಕಳೆಯುವ ನಿರೋಧಕವಿಲ್ಲ. ಲಿಂಕ್‌ವಿಟ್ಸ್-ರೈಲಿ ಕ್ರಮದಲ್ಲಿ ಒಂದು ಸಪ್ತಕಕ್ಕೆ 24 ಡೆಸಿಬೆಲಿನಷ್ಟು ಕಡಿದಾದ ಇಳಿಜಾರನ್ನು ಕೊಡುವುದು ಇಲ್ಲಿ ಸುಲಭ. ನಿಷ್ಕ್ರಿಯ ಜಾಲದಲ್ಲಿ ಅದನ್ನು ಸಾಧಿಸಲು ಸುರುಳಿ ಧಾರಕಗಳ ದೊಡ್ಡ ಸಂತೆಯೇ ಬೇಕಾಗುತ್ತದೆ. ಈಚಿನ ಹಲವು ಪೆಟ್ಟಿಗೆಗಳಲ್ಲಿ ವಿಭಜನೆಯನ್ನು ಅಂಕೀಯ ಗಣಕವೇ ಮಾಡುವುದರಿಂದ, ಮುಂದೆ ಹೇಳಲಿರುವ ಕೋಣೆಯ ದೋಷವನ್ನು ಸಹ ಒಂದು ಮಿತಿಯವರೆಗೆ ಅದರಿಂದಲೇ ತಿದ್ದಿಸಬಹುದು. ಶಾಸ್ತ್ರದ ತಕ್ಕಡಿಯಲ್ಲಿ ತೂಗಿದರೆ ಸಕ್ರಿಯದ ತಟ್ಟೆಯೇ ಭಾರವೆಂಬುದರಲ್ಲಿ ಈ ಲೇಖಕನಿಗೆ ಸಂದೇಹವಿಲ್ಲ.

ಆದರೆ ಅಂಗಡಿಯಲ್ಲಿ ಸಕ್ರಿಯವೆಂಬ ಹೆಸರಿನಿಂದ ಮಾರಾಟವಾಗುವುದೆಲ್ಲ ಸಕ್ರಿಯವಲ್ಲ. ಒಂದೇ ಪ್ರವರ್ಧಕವನ್ನು ಪೆಟ್ಟಿಗೆಯೊಳಗಿಟ್ಟು, ಅದರಾಚೆಗೆ ಹಳೆಯ ನಿಷ್ಕ್ರಿಯ ಜಾಲವನ್ನೇ ಉಳಿಸಿಕೊಂಡ ಪೆಟ್ಟಿಗೆ ವಾಸ್ತವವಾಗಿ ಸ್ವಶಕ್ತ, ಎಂದರೆ ಪವರ್ಡ್, ಮಾತ್ರ. ಪ್ರವರ್ಧಕದ ಸ್ಥಳ ಬದಲಾಯಿತೇ ಹೊರತು ಮೇಲೆ ಹೇಳಿದ ಗುಣಗಳಾವುವೂ ಅದಕ್ಕೆ ದಕ್ಕಲಿಲ್ಲ. ಜೋಡಿಯಲ್ಲಿ ಒಂದು ಬಾಕ್ಸಿಗೆ ಮಾತ್ರ ಕರೆಂಟಿನ ವಯರಿದ್ದು, ಅದರಿಂದ ಇನ್ನೊಂದಕ್ಕೆ ಎರಡೆಳೆಯ ಸಾಧಾರಣ ಸ್ಪೀಕರ್ ತಂತಿ ಹೋಗಿದ್ದರೆ ಅದು ಬಹುಮಟ್ಟಿಗೆ ಈ ಬಗೆಯದೆಂದು ತಿಳಿಯಬಹುದು. ವಿವರಣಪತ್ರದಲ್ಲಿ ವೂಫರಿಗೆ ಇಷ್ಟು ವ್ಯಾಟ್, ಟ್ವೀಟರಿಗೆ ಇಷ್ಟು ವ್ಯಾಟ್ ಎಂದು ಬೇರೆಬೇರೆಯಾಗಿ ಬರೆದಿದ್ದರೆ, ಇಲ್ಲವೆ ಬೈ-ಆ್ಯಂಪ್ ಎಂಬ ಶಬ್ದವಿದ್ದರೆ, ಅದು ನಿಜವಾದ ಸಕ್ರಿಯ. ಬ್ಲೂಟೂತ್ ಇರುವ ಮಾತ್ರಕ್ಕೆ ಸಕ್ರಿಯವೆಂದು ನಂಬಿಸಿ ಮಾರುವುದನ್ನು ಕಂಡಾಗ ಮನಸ್ಸಿಗೆ ಖೇದವಾಗುತ್ತದೆ. ಗ್ರಾಹಕ ಕೊಡುವ ಹಣ ಬೆವರಿನದು.

ಇನ್ನು ಕೋಣೆಯ ವಿಚಾರ. ನಾದದ ಗುಣದಲ್ಲಿ ಪೆಟ್ಟಿಗೆಯ ಪಾಲು ಎಷ್ಟೋ ಕೋಣೆಯ ಪಾಲೂ ಅಷ್ಟೇ, ಕೆಲವು ಸಂದರ್ಭಗಳಲ್ಲಿ ಅದಕ್ಕಿಂತ ಮಿಗಿಲು. ಹೀಗಿದ್ದೂ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಆರಿಸುವ ರಸಿಕರು ಕೋಣೆಯನ್ನು ಒಂದು ಸಂಜೆಯೂ ಪರೀಕ್ಷಿಸುವುದಿಲ್ಲ. ಹಿಂದಿನ ತಲೆಮಾರಿನ ಹೆಂಚಿನ ಮನೆಗಳಲ್ಲಿ ಏರುಪೇರಾದ ನಾಡಹೆಂಚಿನ ಮಾಡು, ಜಂತೆ, ಅಟ್ಟದ ಸಾಮಾನು, ಜೋಳ ರಾಗಿಗಳ ಮೂಟೆ ಇವೆಲ್ಲವೂ ನಾದವನ್ನು ಚದರಿಸಿ, ಹೀರಿ, ಹದಗೊಳಿಸುತ್ತಿದ್ದುವು. ಇಂದಿನ ತಾರಸಿ ಮನೆಯ ನಡುಮನೆ 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರವಿದ್ದು, ನೆಲಕ್ಕೆ ಹೊಳಪಿನ ಕಲ್ಲು, ಗೋಡೆಗೆ ಗಾರೆ, ಕಿಟಕಿಗೆ ಗಾಜು ಇದ್ದರೆ, ಅದರ ಒಳ ಅವಕಾಶ ಸುಮಾರು 51 ಘನಮೀಟರು, ಒಳಮೈಯ ವಿಸ್ತಾರ ಸುಮಾರು 84 ಚದರ ಮೀಟರು. ಹಾರ್ವರ್ಡಿನ ವ್ಯಾಲೇಸ್ ಸಬೀನ್ 20ನೆಯ ಶತಮಾನದ ಹೊಸ್ತಿಲಲ್ಲಿ ಕೊಟ್ಟ ಸೂತ್ರದ ಪ್ರಕಾರ, ಗೋಡೆಗಳು ಸರಾಸರಿ ನೂರಕ್ಕೆ ಐದು ಪಾಲು ಮಾತ್ರ ಹೀರುತ್ತವೆಂದು ಇಟ್ಟುಕೊಂಡರೆ, ಇಂಥ ಬರಿಯ ಕೋಣೆಯಲ್ಲಿ ಒಂದು ಸದ್ದು ಪೂರ್ತಿ ಅಡಗಲು ಸುಮಾರು 2 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಹಾಡುವವರು ಮೂರು ನಾಲ್ಕು ಶಬ್ದಗಳನ್ನು ಮುಂದೆ ಸಾಗಿರುತ್ತಾರೆ. ದಪ್ಪ ಪರದೆ, ಹತ್ತಿಯ ಹಾಸಿಗೆ, ಜಮಖಾನ, ಪುಸ್ತಕದ ಕಪಾಟು, ಕುಳಿತ ನಾಲ್ಕು ಜನ ಸೇರಿ ಹೀರುವ ಶಕ್ತಿಯನ್ನು ಮೂರು ಪಟ್ಟು ಮಾಡಿದರೆ ಅದೇ ಕಾಲ ಮುಕ್ಕಾಲು ಸೆಕೆಂಡಿನ ಒಳಗಿಳಿದು, ಶಬ್ದಗಳು ಒಂದರಿಂದ ಒಂದು ಬಿಡಿಸಿಕೊಂಡು ಕೇಳತೊಡಗುತ್ತವೆ. ಈ ಉಪಕಾರವನ್ನು ಸಕ್ರಿಯವಾಗಲಿ ನಿಷ್ಕ್ರಿಯವಾಗಲಿ ಯಾವ ಪೆಟ್ಟಿಗೆಯೂ ಮಾಡಲಾರದು.

ಅದೇ ಕೋಣೆಯ ಉದ್ದ, ಅಗಲ, ಎತ್ತರಗಳು ಕ್ರಮವಾಗಿ ಸುಮಾರು 38, 47 ಮತ್ತು 57 ಹರ್ಟ್ಸುಗಳಲ್ಲಿ ಅನುನಾದಗೊಂಡು, ಆ ಸ್ವರಗಳನ್ನು ಕೋಣೆಯ ಒಂದು ಮೂಲೆಯಲ್ಲಿ ಗುಡುಗಿಸಿ ಇನ್ನೊಂದೆಡೆ ಮಾಯಮಾಡುತ್ತವೆ. ಗಣಕಸಹಿತವಾದ ಸಕ್ರಿಯ ಪೆಟ್ಟಿಗೆ ಈ ಗುಡುಗನ್ನು ತಗ್ಗಿಸಬಲ್ಲದು; ಮಾಯವಾದ ಸ್ವರವನ್ನು ಮಾತ್ರ ತುಂಬಿಕೊಡಲಾರದು, ಅದಕ್ಕೆ ಪೆಟ್ಟಿಗೆಯನ್ನೋ ಕುರ್ಚಿಯನ್ನೋ ಸರಿಸುವುದೊಂದೇ ಉಪಾಯ. ಶಕ್ತಿಯ ವಿಷಯದಲ್ಲಿಯೂ ಇಂಥ ಕೋಣೆ ಉದಾರಿ. 1 ವ್ಯಾಟಿಗೆ 1 ಮೀಟರಿನಲ್ಲಿ 86 ಡೆಸಿಬೆಲ್ ಕೊಡುವ ಸಾಧಾರಣ ನಿಷ್ಕ್ರಿಯ ಜೋಡಿ 3 ಮೀಟರು ದೂರದ ಕೇಳುಗನಿಗೆ ಬರಿಯ ಒಂದೊಂದು ವ್ಯಾಟಿನಿಂದಲೇ 80 ಡೆಸಿಬೆಲಿನ ಆಸುಪಾಸನ್ನು ಮುಟ್ಟಿಸುತ್ತದೆ. ತಾಳದ ಹಠಾತ್ ಪೆಟ್ಟಿಗಾಗಿ ಮೀಸಲು ಬೇಕೆಂದು ಎಣಿಸಿದರೂ 40, 50 ವ್ಯಾಟಿನ ಆಂಪ್ಲಿಫೈಯರ್ ಮನೆಗೆ ಧಾರಾಳ. ಸಾವಿರಾರು ವ್ಯಾಟಿನ ಅಂಕಿ ಬರೆದ ಪೆಟ್ಟಿಗೆಗಳ ಮೋಹ ಮೈಕ್ ಸೆಟ್ಟಿನಿಂದ ಮನೆಯೊಳಗೆ ನುಸುಳಿದ ಮೋಹ.

ವಿದ್ಯುತ್ತಿನ ವಿಚಾರದಲ್ಲಿ ಎರಡು ಪಂಗಡಗಳ ದಾರಿ ಸ್ಪಷ್ಟವಾಗಿ ಬೇರೆಯಾಗುತ್ತದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ತನ್ನು ಕಳುಹಿಸಿಕೊಟ್ಟ ಕಾವೇರಿ ಈ ಜಿಲ್ಲೆಯ ಅಂಚಿನಲ್ಲಿಯೇ ಹರಿಯುತ್ತಿದ್ದರೂ, ಹಳ್ಳಿಯ ಕೊನೆಯ ಕಂಬದ ಮನೆಗೆ 230 ವೋಲ್ಟ್ ಎಂಬುದು ಹಗಲೂ ರಾತ್ರಿಯೂ ಒಂದೇ ಆಗಿರುವುದಿಲ್ಲ; ಸುತ್ತಲಿನ ಪಂಪ್‌ಸೆಟ್ಟುಗಳು ಒಟ್ಟಿಗೆ ಓಡುವಾಗ ಇಳಿದು, ನಿಂತೊಡನೆ ಏರುತ್ತದೆ. ನಿಷ್ಕ್ರಿಯ ವ್ಯವಸ್ಥೆಯಲ್ಲಿ ಇದಕ್ಕೆ ಒಡ್ಡಿಕೊಳ್ಳುವುದು ಒಂದೇ ಆಂಪ್ಲಿಫೈಯರ್. ಅದನ್ನೊಂದು ಸ್ಟೆಬಿಲೈಜರಿನ ಹಿಂದೆ ಇಟ್ಟರೆ ಬಾಕ್ಸುಗಳು ನಿಶ್ಚಿಂತ. ಸಕ್ರಿಯ ಜೋಡಿಯಲ್ಲಾದರೋ ಎರಡು ಪೆಟ್ಟಿಗೆಗೂ ಎರಡು ಪ್ಲಗ್ಗು, ಎರಡು ವಿದ್ಯುತ್‌ಪೂರೈಕೆ. ಚೈತ್ರ ವೈಶಾಖಗಳ ಸಂಜೆಯ ಸಿಡಿಲುಮಳೆಯಲ್ಲಿ ಎರಡನ್ನೂ ಮರೆಯದೆ ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ಮಿಂಚು ಸ್ವಿಚ್ಚಿನೊಳಗಿನ ಕಿರಿದಾದ ಎಡೆಯನ್ನು ಲೆಕ್ಕಿಸುವುದಿಲ್ಲ.

ಮೂರನೆಯ ಪಿನ್ನಿನ ಅರ್ತಿಂಗ್ ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಹಿತ್ತಿಲಿನಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪುಗಳ ನಡುವೆ ನೆಟ್ಟ ಅರ್ತಿಂಗ್ ಪೈಪು ಬೇಸಗೆಯಲ್ಲಿ ಒಣಗಿ ನಿರುಪಯೋಗಿಯಾಗುವುದುಂಟು. ಹಳೆಯ ಮನೆಗಳಲ್ಲಿ ಅದು ಇಲ್ಲದಿರುವುದೂ ಉಂಟು. ಗುಂಡ್ಲುಪೇಟೆಯ ಪರಿಚಿತರೊಬ್ಬರ ಮನೆಯಲ್ಲಿ ಸಕ್ರಿಯ ಜೋಡಿಯೊಂದನ್ನು ಟೆಲಿವಿಷನ್ನಿಗೂ ಕಂಪ್ಯೂಟರಿಗೂ ಒಮ್ಮೆಗೇ ಜೋಡಿಸಿದಾಗ ಹಾಡಿನ ಹಿಂದೆ ದುಂಬಿಯ ಮೊರೆತದಂಥ ಒಂದು ಗುಂಯ್ ಎಂಬ ಸದ್ದು ಬಿಡದೆ ಕೇಳುತ್ತಿತ್ತು. ಒಂದೊಂದೇ ತಂತಿಯನ್ನು ಕಿತ್ತು ನೋಡಿದೆವು; ಟೆಲಿವಿಷನ್ನಿನ ತಂತಿಯನ್ನು ಬಿಡಿಸಿದ ಕ್ಷಣ ಅದು ಅಡಗಿತು. ಬೇರೆಬೇರೆ ಪ್ಲಗ್ಗುಗಳ ಅರ್ತಿಂಗಿನ ನಡುವಿನ ವ್ಯತ್ಯಾಸ ಸಂಕೇತದ ತಂತಿಯ ಮೂಲಕವೇ ಹರಿದು 50, 100 ಹರ್ಟ್ಸುಗಳ ಮೊರೆತವಾಗಿ ಹೊರಬಿದ್ದಿತ್ತು. ಎಲ್ಲವನ್ನೂ ಒಂದೇ ಬೋರ್ಡಿನಿಂದ ಕೊಟ್ಟಾಗ ಮುಕ್ಕಾಲು ಪಾಲು ಕಡಮೆಯಾಯಿತು, ಬ್ಯಾಲೆನ್ಸ್ಡ್ ಕೇಬಲ್ ಹಾಕಿದ ಮೇಲೆ ಪೂರ್ತಿ ಹೋಯಿತು. ಅರ್ತಿಂಗ್ ಪಿನ್ನನ್ನೇ ಮುರಿದು ಮೊರೆತವನ್ನು ನಿಲ್ಲಿಸುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಅದು ಪ್ರಾಣಕ್ಕೆ ಅಪಾಯ, ಎಂದಿಗೂ ಮಾಡತಕ್ಕದ್ದಲ್ಲ. ಕರೆಂಟು ಹೋದಾಗ ನಡೆಸುವ ಯುಪಿಎಸ್ ಅಥವಾ ಇನ್ವರ್ಟರ್ ಚೌಕಾಕಾರದ ಅಲೆಯದಾಗಿದ್ದರೆ ಎರಡೂ ಬಗೆಯ ವ್ಯವಸ್ಥೆಗಳಲ್ಲಿ ಕರ್ಕಶವಾದ ಮೊರೆತ ಬೆರೆಯುತ್ತದೆ; ಸೈನ್‌ವೇವ್ ಎಂದು ನಮೂದಾಗಿರುವುದೇ ಸಂಗೀತಕ್ಕೆ ಯೋಗ್ಯ.

ನಿಷ್ಕ್ರಿಯ ವ್ಯವಸ್ಥೆಯ ತಂತಿಯ ಬಗೆಗೆ ಬೆಳೆದಿರುವ ಆಡಂಬರವನ್ನು ಕುರಿತು ಒಂದು ಮಾತು ಸಾಕು. ಆಂಪ್ಲಿಫೈಯರಿನಿಂದ 5 ಮೀಟರು ದೂರದ ಬಾಕ್ಸಿಗೆ 1.5 ಚದರ ಮಿಲಿಮೀಟರಿನ ತಾಮ್ರದ ಮನೆ ವೈರಿಂಗಿನ ತಂತಿಯನ್ನು ಎಳೆದರೆ ಹೋಗಿಬರುವ ದಾರಿಯ ಒಟ್ಟು ಪ್ರತಿರೋಧ 0.12 ಓಮಿಗಿಂತ ಕಡಮೆ. 8 ಓಮಿನ ಬಾಕ್ಸಿಗೆ ಇದು ಗಣನೆಗೆ ಬಾರದು. ಹಾರ್ಡ್‌ವೇರ್ ಅಂಗಡಿಯ ತಂತಿಯೇ ಧಾರಾಳ.

ಆಯುಷ್ಯ ಮತ್ತು ದುರಸ್ತಿಯ ಪ್ರಶ್ನೆಯಲ್ಲಿ ನಿಷ್ಕ್ರಿಯ ಪೆಟ್ಟಿಗೆಯದೇ ಮೇಲುಗೈ, ಮತ್ತು ನಮ್ಮ ಊರುಗಳ ಮಟ್ಟಿಗೆ ಇದು ನಿರ್ಣಾಯಕವಾದ ಸಂಗತಿ. ಅದರೊಳಗೆ ಕೆಡತಕ್ಕದ್ದು ಬಹಳವಿಲ್ಲ: ಶಂಕುವಿನ ಅಂಚಿಗೆ ಸ್ಪಂಜಿನ ಉಂಗುರವಿದ್ದರೆ ಹತ್ತು ಹದಿನೈದು ವರ್ಷಗಳಲ್ಲಿ ಅದು ಮುಟ್ಟಿದರೆ ಉದುರುವ ಸ್ಥಿತಿಗೆ ಬರುತ್ತದೆ, ರಬ್ಬರಿನದಾದರೆ ಇನ್ನೂ ಬಹುಕಾಲ ಬಾಳುತ್ತದೆ, ಉಂಗುರವನ್ನು ಬದಲಿಸುವುದು, ಕಾಯಿಲು ಕಟ್ಟುವುದು ಮೈಕ್ ಸೆಟ್ಟಿನವರು ಬಲ್ಲ ಕೆಲಸ. ಆಂಪ್ಲಿಫೈಯರ್ ಕೆಟ್ಟರೆ ಅದೊಂದನ್ನೇ ಚೀಲದಲ್ಲಿಟ್ಟು ಬಸ್ಸಿನಲ್ಲಿ ಮೈಸೂರಿಗೆ ಒಯ್ಯಬಹುದು. ಅಷ್ಟು ದಿನ ಇನ್ನೊಬ್ಬರ ಆಂಪ್ಲಿಫೈಯರನ್ನು ಎರವಲು ತಂದು ಹಾಡು ಕೇಳಬಹುದು. ಸಕ್ರಿಯ ಪೆಟ್ಟಿಗೆಯಲ್ಲಿ ಸ್ಪೀಕರಿನ ನಡುಕವನ್ನೂ ತನ್ನದೇ ಬಿಸಿಯನ್ನೂ ಸಹಿಸಿಕೊಂಡು ಬಾಳುವ ಎಲೆಕ್ಟ್ರೋಲೈಟಿಕ್ ಧಾರಕಗಳಿಗೆ ಸುತ್ತಲಿನ ಉಷ್ಣ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಮೆ ಅರ್ಧವಾಗುತ್ತದೆ. ಕೆಟ್ಟರೆ ಇಡೀ ಪೆಟ್ಟಿಗೆಯೇ ಮೂಕ. ಅದರ ಫಲಕ ಆ ಕಂಪನಿಯ ಆ ಮಾದರಿಗೆ ಮಾತ್ರ ಒಪ್ಪುವಂಥದು. ಮಾದರಿ ಮಾರುಕಟ್ಟೆಯಿಂದ ಮರೆಯಾದರೆ ಫಲಕವೂ ಮರೆಯಾಗುತ್ತದೆ. ಈಚಿನ ಡಿ ವರ್ಗದ ಪ್ರವರ್ಧಕಗಳು ಕಡಮೆ ಬಿಸಿಯಾಗುವುದರಿಂದ ಈ ದೋಷ ಸ್ವಲ್ಪ ತಗ್ಗಿದೆಯೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು.

ಕೊಳ್ಳುವ ಕ್ರಮದಲ್ಲಿಯೂ ಹೀಗೆಯೇ. ಅರಿಸಿನ, ಚೆಂಡುಹೂವು, ಸೂರ್ಯಕಾಂತಿಗಳ ಹಣ ವರ್ಷಕ್ಕೊಮ್ಮೆ ಕೈಸೇರುವ ಮನೆಯವರು ಈ ಬೆಳೆಗೆ ಬಾಕ್ಸು, ಮುಂದಿನ ಬೆಳೆಗೆ ಒಳ್ಳೆಯ ಆಂಪ್ಲಿಫೈಯರ್ ಎಂದು ಹಂತಹಂತವಾಗಿ ಕಟ್ಟಿಕೊಳ್ಳಲು ನಿಷ್ಕ್ರಿಯ ವ್ಯವಸ್ಥೆ ಅನುವು ಮಾಡಿಕೊಡುತ್ತದೆ. ಬಾಡಿಗೆ ಮನೆಯಲ್ಲಿ ಒಂದೇ ಮೇಜಿನ ಮೇಲೆ ಕಂಪ್ಯೂಟರೂ ಸಂಗೀತವೂ ಇರುವ ನೌಕರನಿಗೆ, ಶಿಕ್ಷಕನಿಗೆ, ವಿದ್ಯಾರ್ಥಿಗೆ, ಅಳತೆಯ ಕೈಯಿಂದ ಹೊಂದಿಸಿದ ಸಣ್ಣ ಸಕ್ರಿಯ ಜೋಡಿಯಷ್ಟು ಒಪ್ಪುವುದು ಇನ್ನೊಂದಿಲ್ಲ. ಅಷ್ಟೇ ಹಣಕ್ಕೆ ಬಿಡಿಬಿಡಿಯಾಗಿ ಕೊಂಡ ಆಂಪ್ಲಿಫೈಯರ್ ಬಾಕ್ಸುಗಳಿಂದ ಆ ಸ್ಪಷ್ಟತೆ ಬಾರದು. ಸ್ವಂತ ಮನೆಯ ದೊಡ್ಡ ನಡುಮನೆಗೆ, ಇಪ್ಪತ್ತು ವರ್ಷ ಬಾಳಬೇಕೆಂಬ ಆಸೆಗೆ, ಮೈಸೂರಿಗೆ ಪದೇಪದೇ ಹೋಗಲಾಗದ ಊರಿಗೆ ನಿಷ್ಕ್ರಿಯವನ್ನೇ ಆರಿಸತಕ್ಕದ್ದೆಂದು ಈ ಲೇಖಕನ ಮತ. ನಾದದಲ್ಲಿ ಬಿಟ್ಟುಕೊಡುವುದು ಕೂದಲೆಳೆಯಷ್ಟು. ದುರಸ್ತಿಯಲ್ಲಿ ಗಳಿಸುವುದು ವರ್ಷಗಳಷ್ಟು.

ಆರಿಸುವ ಮುನ್ನ ಪರೀಕ್ಷಿಸಿ ಕೇಳುವುದಕ್ಕೆ ಈ ನಾಡು ತಾನೇ ಒಳ್ಳೆಯ ಒರೆಗಲ್ಲುಗಳನ್ನು ಒದಗಿಸಿದೆ. ಮಲೆಯ ಮಹದೇಶ್ವರನ ದೇವರಗುಡ್ಡರು ಬಾರಿಸುವ ಕಂಸಾಳೆಯ ಒಳ್ಳೆಯ ಮುದ್ರಣವೊಂದಿದ್ದರೆ ಸಾಕು. ಬಟ್ಟಲಿನಾಕಾರದ ಕಂಚಿನ ತಾಳಕ್ಕೆ ಕುಚ್ಚು ಕಟ್ಟಿದ ತಟ್ಟೆ ಬಡಿದಾಗ ಏಳುವ ನಾದದಲ್ಲಿ ಮೊದಲು ಲೋಹಕ್ಕೆ ಲೋಹ ತಾಕಿದ ತೀಕ್ಷ್ಣವಾದ ಏಟು, ಅದರ ಬೆನ್ನಿಗೆ ಅಲೆಯಲೆಯಾಗಿ ಕರಗುವ ಗುಂಗು. ಹೊಂದಾಣಿಕೆ ಕೆಟ್ಟ ಪೆಟ್ಟಿಗೆಯಲ್ಲಿ ಏಟು ಟ್ವೀಟರಿನಿಂದಲೂ ಗುಂಗು ವೂಫರಿನಿಂದಲೂ ಬೇರೆಬೇರೆ ಎತ್ತರಗಳಿಂದ ಬಂದಂತೆ ಕೇಳಿ, ಒಂದು ತಾಳ ಎರಡಾದಂತೆ ಭಾಸವಾಗುತ್ತದೆ. ಹೊಂದಿಕೊಂಡ ಪೆಟ್ಟಿಗೆಯಲ್ಲಿ ತಾಳ ಬಾರಿಸುವವರ ಕೈ ಎಲ್ಲಿದೆಯೋ ಅಲ್ಲಿಯೇ ನಿಲ್ಲುತ್ತದೆ. ಮಂಟೇಸ್ವಾಮಿಯ ಕಥೆ ಹೇಳುವ ನೀಲಗಾರರ ತಂಬೂರಿಯ ಶ್ರುತಿಯ ಮೇಲೆ ಎದ್ದುಬರುವ ಗಂಡಸಿನ ಗಟ್ಟಿ ದನಿ ಮಧ್ಯಮ ಆವೃತ್ತಿಗಳಿಗೆ ಪರೀಕ್ಷೆ. ಅದು ಮೂಗಿನಿಂದ ಹೊರಟಂತೆಯೋ ಕೊಡದೊಳಗಿಂದ ಹೊರಟಂತೆಯೋ ಕೇಳಿದರೆ ಆ ಬಾಕ್ಸನ್ನು ಬಿಡುವುದು ಕ್ಷೇಮ. ತಾಳವಾಡಿಯ ಗಡಿಯಾಚೆಯ ಗಾಜನೂರಿನ ರಾಜಕುಮಾರರು 1974ರ ಸಂಪತ್ತಿಗೆ ಸವಾಲ್ ಚಿತ್ರದಿಂದೀಚೆಗೆ ಹಾಡಿದ ಗೀತೆಗಳು ಈ ಸೀಮೆಯ ಪ್ರತಿಯೊಬ್ಬರ ಕಿವಿಯಲ್ಲಿಯೂ ನೆಲೆಸಿರುವುದರಿಂದ, ಪರಿಚಿತವಾದ ಆ ಕಂಠವನ್ನು ಹಾಕಿ ಕೇಳುವುದು ಯಾವ ಅಳತೆಯ ಉಪಕರಣಕ್ಕೂ ಕಡಮೆಯಾದ ಸಾಕ್ಷ್ಯವಲ್ಲ.

ಕೇಳುವ ಹೊತ್ತೂ ಮುಖ್ಯ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನಸಂಚಾರ ನಿಂತಿರುವುದರಿಂದ, ಗುಂಡ್ಲುಪೇಟೆಯ ಹೆದ್ದಾರಿಯ ಬದಿಯ ಮನೆಗಳಲ್ಲಿಯೂ ಲಾರಿಗಳ ಅಬ್ಬರವಿಳಿದು, ಹಗಲು ಮುಚ್ಚಿಹೋಗಿದ್ದ ಸಣ್ಣ ಸದ್ದುಗಳು ಮೇಲೆ ಬರುತ್ತವೆ. ಆಗ ಸಕ್ರಿಯ ಪೆಟ್ಟಿಗೆಯ ಬಳಿ ಕಿವಿಯಿಟ್ಟರೆ, ಹಾಡು ನಿಂತಿದ್ದಾಗಲೂ ಟ್ವೀಟರಿನಿಂದ ಒಂದು ತೆಳುವಾದ ಸುಯ್ಲು ಕೇಳುತ್ತದೆ. ನಡುವೆ ತಡೆಯುವ ನಿರೋಧಕವಿಲ್ಲದೆ ಪ್ರವರ್ಧಕ ನೇರವಾಗಿ ಅಂಟಿಕೊಂಡಿರುವುದರ ಫಲ ಅದು. ಒಂದು ಮಾರು ದೂರದಲ್ಲಿ ಅಡಗುವಷ್ಟಿದ್ದರೆ ಚಿಂತೆಯಿಲ್ಲ, ಹಾಸಿಗೆಯವರೆಗೆ ಹಿಂಬಾಲಿಸಿದರೆ ಅಂಥದನ್ನು ಕೊಳ್ಳಬಾರದು.

ಪೆಟ್ಟಿಗೆಗಳನ್ನು ಇಡುವ ಪೀಠ ಕೊನೆಯ ಸಂಗತಿಯಾದರೂ ಅಲ್ಪವಲ್ಲ. ಎರಡು ಬಾಕ್ಸುಗಳೂ ಕೇಳುಗನೂ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕು, ಬಾಕ್ಸುಗಳ ಬೆನ್ನಿಗೂ ಗೋಡೆಗೂ ಒಂದೆರಡು ಅಡಿ ಎಡೆಯಿರಬೇಕು, ಟ್ವೀಟರು ಕಿವಿಯ ಎತ್ತರಕ್ಕಿರಬೇಕು. ಪರದೇಶದ ಪೀಠಗಳೆಲ್ಲ ಸೋಫಾದ ಮೇಲೆ ಕುಳಿತವನ ಕಿವಿಗೆ, ಎಂದರೆ ಸುಮಾರು 3 ಅಡಿಗೆ, ಲೆಕ್ಕ ಹಾಕಿದವು. ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಹಾಡು ಕೇಳುವ ನಮ್ಮ ಮನೆಗಳಲ್ಲಿ ಕಿವಿ ಅದಕ್ಕಿಂತ ಮುಕ್ಕಾಲು ಅಡಿಯಾದರೂ ಕೆಳಗಿರುವುದರಿಂದ ಪೀಠವನ್ನೂ ಅಷ್ಟು ತಗ್ಗಿಸಬೇಕು. ಚಾಮರಾಜನಗರದ ಕಲ್ಲುಗಣಿಗಳ ಕರಿಕಲ್ಲು, ಭೂವಿಜ್ಞಾನಿಗಳು ಡಾಲರೈಟ್ ಎನ್ನುವ ದಟ್ಟವಾದ ಶಿಲೆ, ಇದಕ್ಕೆ ಹೇಳಿಮಾಡಿಸಿದ್ದು. ಕಲ್ಲು ಕೊಯ್ಯುವ ಕಡೆ ಉಳಿಯುವ ಒಂದಡಿ ಚೌಕದ, ಒಂದಂಗುಲ ದಪ್ಪದ ತುಂಡು 7 ಕಿಲೋ ತೂಗುತ್ತದೆ. ಇಟ್ಟಿಗೆಯ ಕಟ್ಟೆಯೊಂದರ ಮೇಲೆ ಅದನ್ನಿಟ್ಟು, ಕಲ್ಲಿಗೂ ಪೆಟ್ಟಿಗೆಗೂ ನಡುವೆ ಸೈಕಲ್ ಟ್ಯೂಬಿನ ನಾಲ್ಕು ಚೂರುಗಳನ್ನು ಹಾಸಿದರೆ ವೂಫರಿನ ನಡುಕಕ್ಕೆ ಪೀಠ ಜಗ್ಗುವುದಿಲ್ಲ.